ಮುಳ್ಳೋ, ಬಲೆಯೋ, ಇಳಿಜಾರೋ? ಸಜ್ಜದ ಮೇಲಿನ ಹಕ್ಕಿ, ಕಟ್ಟೆಯ ಮೇಲಿನ ಮನುಷ್ಯ

ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಪಾರಿವಾಳದ ಹಿಕ್ಕೆಯ ದೂರು ಮುಗಿಯುವಷ್ಟರಲ್ಲಿ ಗೇಟಿನ ಪಕ್ಕದ ಕಟ್ಟೆಯ ಮೇಲೆ ಡೆಲಿವರಿ ಹುಡುಗರು ಕೂರುತ್ತಾರೆಂಬ ದೂರು ಏಳುತ್ತದೆ. ಸಜ್ಜದ ಮೇಲೆ ಮುಳ್ಳಿನ ಪಟ್ಟಿ ಅಂಟಿಸುವುದೆಂದು ಆಗಲೇ ತೀರ್ಮಾನವಾಗಿರುತ್ತದೆ. ‘ಅಲ್ಲಿಗೂ ಅದನ್ನೇ ಹಾಕಿಸಿಬಿಡಿ’ ಎಂದು ಯಾರಾದರೊಬ್ಬರು ಹೇಳುತ್ತಾರೆ. ದರ ಅಡಿ ಲೆಕ್ಕದ್ದು, ಕೆಲಸ ಅರ್ಧ ದಿನದ್ದು, ಚರ್ಚೆ ಎರಡು ನಿಮಿಷದ್ದು. ಈ ಬರಹ ಆ ಸಭೆಯಲ್ಲಿ ಕೂತವರಿಗೆ, ಹಾಗೆಯೇ ಅಂಗಡಿ, ಶಾಲೆ, ದೇವಸ್ಥಾನದ ಕಟ್ಟಡ ನೋಡಿಕೊಳ್ಳುವವರಿಗೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಹಕ್ಕಿಯ ವಿಷಯದಲ್ಲಿ ದುಡ್ಡು ಸುರಿಯಬೇಕಾದದ್ದು ಅಂಚಿನ ಆಕಾರಕ್ಕೆ, ಮನುಷ್ಯರ ವಿಷಯದಲ್ಲಿ ಅಲ್ಲಿನ ಏರ್ಪಾಡಿಗೆ. ಮುಳ್ಳು ಹಕ್ಕಿಗೆ ಕೊನೆಯ ಆಯ್ಕೆ, ಮನುಷ್ಯರಿಗೆ ಆಯ್ಕೆಯೇ ಅಲ್ಲ.

ಕೊಳ್ಳುವ ಮೊದಲು ಹಿಕ್ಕೆ ನೋಡಿ

ಪಾರಿವಾಳ ಅಲ್ಲಿ ಏನು ಮಾಡುತ್ತಿದೆ ಎಂದು ತಿಳಿಯದೆ ಸಾಧನ ಆರಿಸಲಾಗದು. ಹಗಲಿನಲ್ಲಿ ಬಂದು ಕೂತು ಹೋಗುವ ಜಾಗದಲ್ಲಿ ಹಿಕ್ಕೆ ಅಂಚಿನುದ್ದಕ್ಕೂ ತೆಳ್ಳಗೆ ಚೆದುರಿ ಬಿದ್ದಿರುತ್ತದೆ. ರಾತ್ರಿ ತಂಗುವ ಕಡೆ ಗುಡ್ಡೆಗುಡ್ಡೆಯಾಗಿರುತ್ತದೆ. ಕಡ್ಡಿ, ತಂತಿಯ ಚೂರು, ಪುಕ್ಕ ಎಲ್ಲ ಸೇರಿ ಗಟ್ಟಿಯಾದ ತಟ್ಟೆ ಕಂಡರೆ ಅದು ಗೂಡು. ಸುಮ್ಮನೆ ಕೂರುವ ಹಕ್ಕಿಗೆ ಸಣ್ಣ ಅಡ್ಡಿಯೂ ಸಾಕು, ಪಕ್ಕದ ಕಟ್ಟಡಕ್ಕೆ ಹೋಗುತ್ತದೆ. ಗೂಡು ಕಟ್ಟಿದ ಜೋಡಿ ಮಾತ್ರ ಏನು ಹಾಕಿದರೂ ತೂರಿಕೊಂಡು ಬರಲು ನೋಡುತ್ತದೆ. ಮೂಲತಃ ಬಂಡೆಯ ಸಂದಿನಲ್ಲಿ ಮರಿ ಮಾಡುವ ಹಕ್ಕಿ ಇದು. ಅದರ ಕಣ್ಣಿಗೆ ಎಂಟನೇ ಮಹಡಿಯ ಎ.ಸಿ. ಪೆಟ್ಟಿಗೆಯ ಹಿಂಬದಿಯೂ ಸ್ನಾನಗೃಹದ ಪೈಪುಗಳಿಳಿಯುವ ಡಕ್ಟ್ ಕೂಡ ಬಂಡೆಯೇ.

ಗೂಡಿನಲ್ಲಿ ಮೊಟ್ಟೆಯೋ ಮರಿಯೋ ಇದ್ದರೆ ಕಾಯಬೇಕು. ಸಾಮಾನ್ಯವಾಗಿ ಎರಡು ಮೊಟ್ಟೆ, ಸುಮಾರು 18 ದಿನ ಕಾವು, ಆಮೇಲೆ ಮರಿ ಹಾರುವುದಕ್ಕೆ ಒಂದು ತಿಂಗಳು ಅಥವಾ ಸ್ವಲ್ಪ ಹೆಚ್ಚು. ಆದರೆ ಮರಿ ಹಾರಿದ ಮೇಲೆ ‘ಮುಂದಿನ ಭಾನುವಾರ ನೋಡೋಣ’ ಎಂದರೆ ಕೆಟ್ಟಿತು. ನಮ್ಮ ಹವೆಯಲ್ಲಿ ಇವು ವರ್ಷವಿಡೀ ಮರಿ ಮಾಡುತ್ತವೆ. ಮೊದಲ ಮರಿಗಳು ಗೂಡು ಬಿಡುವ ಮುಂಚೆಯೇ ಮುಂದಿನ ಮೊಟ್ಟೆ ಇಡುವುದೂ ಉಂಟು.

ಸಾಧನ ಯಾವುದೇ ಆಗಲಿ, ಅದಕ್ಕೂ ಮೊದಲು ಜಾಗ ತೊಳೆಯಬೇಕು. ಒಣಗಿದ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಲು ಯಾರಿಗೂ ಹೇಳಬೇಡಿ. ಆ ಧೂಳಿನಲ್ಲಿ ಶ್ವಾಸಕೋಶಕ್ಕೆ ಸೋಂಕು ತರುವ ಶಿಲೀಂಧ್ರಗಳಿರಬಹುದು; ಹಕ್ಕಿಯ ಹಿಕ್ಕೆ, ಪುಕ್ಕದ ಧೂಳನ್ನು ಬಹುಕಾಲ ಉಸಿರಾಡಿದವರಿಗೆ ಅಲರ್ಜಿಯಿಂದ ಶ್ವಾಸಕೋಶವೇ ಗಟ್ಟಿಯಾಗುವ ಕಾಯಿಲೆಯೂ ಬರುತ್ತದೆ. ನೀರು ಚಿಮುಕಿಸಿ ಚೆನ್ನಾಗಿ ನೆನೆಸಿ, ಮುಖಕ್ಕೆ ಎನ್-95 ಮಾಸ್ಕ್, ಕೈಗೆ ಗ್ಲೌಸ್ ಕೊಟ್ಟು, ಕೆರೆದು ಚೀಲಕ್ಕೆ ತುಂಬಿಸಿ. ಈ ಕೆಲಸಕ್ಕೆ ಕಳುಹಿಸುವುದು ಹೆಚ್ಚಾಗಿ ಹೌಸ್‌ಕೀಪಿಂಗ್‌ನ ಹೆಂಗಸರನ್ನು, ಅದೂ ಬರಿಗೈಯಲ್ಲಿ. ಸಂಘದ ಖರ್ಚಿನ ಪಟ್ಟಿಯಲ್ಲಿ ಮಾಸ್ಕ್‌ಗೆ ಒಂದು ಸಾಲು ಇರಲಿ.

ಕಾಳು ಹಾಕುವವರು

ಕಾಳು ಹಾಕುವುದನ್ನು ನಿಲ್ಲಿಸುವುದು ಯಾವ ಕಂಪನಿಯ ಕ್ಯಾಟಲಾಗಿನಲ್ಲೂ ಇಲ್ಲದ ಆಯ್ಕೆ, ಆದ್ದರಿಂದ ಮೊದಲೇ ಹೇಳುತ್ತಿದ್ದೇನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ ದಶಕಗಳ ಕಾಲ ಪಾರಿವಾಳಗಳನ್ನು ಕೊಂದು ನೋಡಿತು, ಸಂಖ್ಯೆ ಇಳಿಯಲಿಲ್ಲ. 1988ರಲ್ಲಿ ದಾರಿ ಬದಲಿಸಿ, ಕಾಳು ಹಾಕಬೇಡಿ ಎಂದು ಜನರಿಗೆ ತಿಳಿಹೇಳುವ ಪ್ರಚಾರ ಶುರುಮಾಡಿತು, ಜೊತೆಗೆ ಮೇಲ್ವಿಚಾರಣೆಯ ಗೂಡುಮನೆಗಳನ್ನಿಟ್ಟಿತು. ಸುಮಾರು ನಾಲ್ಕು ವರ್ಷಗಳಲ್ಲಿ ಹಿಂಡುಗಳು ಅರ್ಧಕ್ಕಿಳಿದವು. ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ 2003ರಲ್ಲಿ ಕಾಳು ಹಾಕುವುದನ್ನು ನಿಷೇಧಿಸಿದ್ದೂ ಇದೇ ತರ್ಕದ ಮೇಲೆ.

ನಮ್ಮಲ್ಲಿ ಇದು ಅಷ್ಟು ಸಲೀಸಲ್ಲ, ಪುಣ್ಯದ ಪ್ರಶ್ನೆ. 2025ರಲ್ಲಿ ಮುಂಬಯಿಯ ದಾದರ್ ಕಬೂತರ್‌ಖಾನಾ (ಪಾರಿವಾಳಗಳಿಗೆ ಕಾಳು ಹಾಕುವ ತಾಣ) ಮುಚ್ಚಿಸಲು ಹೋದಾಗ ಜೈನ ಸಮುದಾಯದವರು ಬೀದಿಗಿಳಿದರು, ವಿಷಯ ಹೈಕೋರ್ಟಿಗೂ ಹೋಯಿತು. ಮೈಸೂರಿನಲ್ಲಿ ಅರಮನೆ ಮುಂದೆ ಕೋಟೆ ಆಂಜನೇಯಸ್ವಾಮಿ ದೇವಸ್ಥಾನದ ಬಳಿ ಮೂಟೆಗಟ್ಟಲೆ ಕಾಳು ಸುರಿಯುವ ರೂಢಿಗೂ, ಹಿಕ್ಕೆಯ ಆಮ್ಲದಿಂದ ಪಾರಂಪರಿಕ ಕಟ್ಟಡಗಳು ಹಾಳಾಗುತ್ತವೆ ಎನ್ನುವವರಿಗೂ ತಿಕ್ಕಾಟ ನಡೆದಿದೆ. ನಿಮ್ಮ ಕಟ್ಟಡದಲ್ಲಿ ನಾಲ್ಕನೇ ಮಹಡಿಯ ಹಿರಿಯರೊಬ್ಬರು ಬೆಳಗ್ಗೆ ಜೋಳ ಎರಚುತ್ತಿದ್ದರೆ, ಗುತ್ತಿಗೆದಾರನಿಗೆ ಫೋನ್ ಮಾಡುವ ಮೊದಲು ಅವರ ಮನೆಗೆ ಒಮ್ಮೆ ಹೋಗಿ ಕಾಫಿ ಕುಡಿದು ಬನ್ನಿ. ನೋಟಿಸ್ ಬೋರ್ಡಿನಲ್ಲಿ ಹೆಸರು ಬರೆದು ಅಂಟಿಸುವುದಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಮುಳ್ಳಿನ ಪಟ್ಟಿ

ಪಾಲಿಕಾರ್ಬೊನೇಟ್ ಪಟ್ಟಿಯ ಮೇಲೆ ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿಗಳನ್ನು ಬೀಸಣಿಗೆಯಂತೆ ಬಿಡಿಸಿಟ್ಟಿರುತ್ತಾರೆ. ಕಡ್ಡಿಯ ತುದಿ ಮೊಂಡಾಗಿರುತ್ತದೆ. ಚುಚ್ಚುವುದಕ್ಕಿಂತ ಇಳಿಯಲು ಜಾಗವಿಲ್ಲದಂತೆ ಮಾಡುವುದು ಅದರ ಕೆಲಸ. ಕಿಟಕಿಯ ಮೇಲಿನ ಕಿರಿದಾದ ಪಟ್ಟಿ, ನಾಮಫಲಕದ ತಲೆ, ಪ್ಯಾರಾಪೆಟ್ ಗೋಡೆಯ ತುದಿ, ಇಂತಲ್ಲಿ ಹಗಲು ಹೊತ್ತು ಕೂರುವ ಹಕ್ಕಿಗೆ ಇದು ಸಾಕು. ಅಗಲ ಸಜ್ಜಕ್ಕೆ ಒಂದೇ ಸಾಲು ಅಂಟಿಸಿ ಬಿಲ್ ಮಾಡಿದರೆ ಒಪ್ಪಬೇಡಿ. ಮುಳ್ಳಿನ ಹಿಂದೆ ಗೋಡೆಯ ಕಡೆಗೆ ಎರಡು ಮೂರು ಇಂಚು ಜಾಗ ಉಳಿದರೂ ಪಾರಿವಾಳ ಅಲ್ಲಿ ಇಳಿಯುತ್ತದೆ, ಮುಳ್ಳೇ ಅದಕ್ಕೆ ಕಟಕಟೆಯಾಗುತ್ತದೆ.

ಗೂಡಿಗೆ ಮುಳ್ಳು ಮದ್ದಲ್ಲ. ಹತ್ತಿರದಿಂದ ನೋಡಿದರೆ ಕಾರಣ ತಿಳಿಯುತ್ತದೆ: ಹಕ್ಕಿ ತಂದ ಮೊದಲ ಕಡ್ಡಿ ಎರಡು ಸ್ಟೀಲ್ ಸಲಾಕೆಗಳ ನಡುವೆ ಸಿಕ್ಕಿ ನಿಲ್ಲುತ್ತದೆ, ಎರಡನೆಯದು ಅದರ ಮೇಲೆ ಅಡ್ಡ ಬೀಳುತ್ತದೆ, ಗಾಳಿಗೆ ಯಾವುದೂ ಹಾರುವುದಿಲ್ಲ. ಬೋಳು ಸಜ್ಜದ ಮೇಲಾದರೆ ಜಾರಿಹೋಗುತ್ತಿದ್ದ ಗೂಡಿಗೆ ನಾವೇ ಅಡಿಪಾಯ ಹಾಕಿಕೊಟ್ಟಂತೆ. ಕಾಗೆಯ ಬಂಧುಗಳು ಇನ್ನೂ ಮುಂದೆ ಹೋಗಿವೆ. ಬೆಲ್ಜಿಯಂನ ಆಂಟ್ವರ್ಪ್ ನಗರದ ಆಸ್ಪತ್ರೆಯೊಂದರ ಅಂಗಳದ ಮರದಲ್ಲಿ ಮ್ಯಾಗ್‌ಪೈ ಹಕ್ಕಿಯ ಗೂಡೊಂದು ಸಿಕ್ಕಿತು. ಅದರಲ್ಲಿ ಸುಮಾರು 1,500 ಲೋಹದ ಮುಳ್ಳುಗಳಿದ್ದವು, ಅದೇ ಆಸ್ಪತ್ರೆಯ ಛಾವಣಿಯಿಂದ ಪಟ್ಟಿ ಸಮೇತ ಕಿತ್ತು ತಂದವು. ನೆದರ್ಲೆಂಡ್ಸ್‌ನ ಜೀವವಿಜ್ಞಾನಿ ಔಕೆ-ಫ್ಲೋರಿಯನ್ ಹೀಮ್‌ಸ್ಟ್ರಾ ಮತ್ತು ಸಂಗಡಿಗರು 2023ರಲ್ಲಿ ಇದನ್ನು ಪ್ರಕಟಿಸಿದರು. ಮುಳ್ಳನ್ನು ಗೂಡಿನ ಛಾವಣಿಗೆ, ಹೊರಮುಖವಾಗಿ ಜೋಡಿಸಲಾಗಿತ್ತು. ಹಕ್ಕಿಯನ್ನು ತಡೆಯಲು ತಂದ ಸಾಮಾನನ್ನು ಹಕ್ಕಿಯೇ ಬೇರೆ ಹಕ್ಕಿಯನ್ನು ತಡೆಯಲು ಬಳಸಿಕೊಂಡಿತು. ಕಂಪನಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಸಿಗಲಿಕ್ಕಿಲ್ಲ!

ಹಾಕಿಸಲೇಬೇಕೆಂದರೆ ಪೂರ್ತಿ ಪ್ಲಾಸ್ಟಿಕ್ಕಿನದು ಬೇಡ, ಬಿಸಿಲಿಗೆ ಕಡ್ಡಿಗಳು ಪಟಪಟನೆ ಮುರಿದು ಕೆಳಗೆ ಬೀಳುತ್ತವೆ. ಸ್ಟೀಲಿನದಾದರೂ ವರ್ಷಕ್ಕೊಮ್ಮೆ ಎಲೆ, ಕಸ ತೆಗೆಸಬೇಕು. ಮರಕ್ಕೆ ಹಾಕುವ ಯೋಚನೆ ಬಂದರೆ ಬ್ರಿಟನ್ನಿನ ಬ್ರಿಸ್ಟಲ್ ನಗರವನ್ನು ನೆನೆಯಿರಿ: ಕ್ಲಿಫ್ಟನ್ ಬಡಾವಣೆಯಲ್ಲಿ ಕೆಳಗೆ ನಿಲ್ಲುವ ದುಬಾರಿ ಕಾರುಗಳ ಮೇಲೆ ಹಿಕ್ಕೆ ಬೀಳದಿರಲೆಂದು ಕೊಂಬೆಗಳಿಗೆ ಮುಳ್ಳು ಕಟ್ಟಿದ್ದು 2017ರ ಕೊನೆಯಲ್ಲಿ ಸುದ್ದಿಯಾಗಿ, ಊರೆಲ್ಲ ನಗಾಡಿತು.

ಬಲೆ

ಡಕ್ಟ್, ಬಾಲ್ಕನಿ, ಎ.ಸಿ. ಪೆಟ್ಟಿಗೆಯ ಗೂಡು, ಅಂದರೆ ಮೂರು ಕಡೆ ಗೋಡೆಯಿರುವ ಯಾವುದೇ ಜಾಗಕ್ಕೆ ನನ್ನ ಮತ ಬಲೆಗೆ. ಇಂಥ ಜಾಗದಲ್ಲಿ ಗೂಡು ಕಟ್ಟುವ ಜೋಡಿಯನ್ನು ನಿಜವಾಗಿ ನಿಲ್ಲಿಸುವುದು ಇದೊಂದೇ. ಪಾರಿವಾಳಕ್ಕೆ 50 ಮಿಲಿಮೀಟರ್ ಕಣ್ಣಿನ ಬಲೆ ಸಾಕು. ಗುಬ್ಬಚ್ಚಿಯನ್ನೂ ತಡೆಯಬೇಕೆಂದರೆ 19 ಅಥವಾ 20 ಮಿಲಿಮೀಟರ್ ಬೇಕು. ಗುಬ್ಬಚ್ಚಿಯನ್ನು ಯಾಕೆ ತಡೆಯಬೇಕು ಎಂದು ನಾನಂತೂ ಕೇಳುತ್ತೇನೆ. ನೇರಳಾತೀತ ಕಿರಣ ತಡೆಯುವಂತೆ ಸಂಸ್ಕರಿಸಿದ ಎಚ್‌ಡಿಪಿಇ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ದಾರದ್ದು ಹೆಚ್ಚು ಬಾಳುತ್ತದೆ, ಅಗ್ಗದ ನೈಲಾನ್ ಬಿಸಿಲಿಗೆ ಪುಡಿಯಾಗುತ್ತದೆ.

ಬಲೆಯ ಗುಣಮಟ್ಟ ಅದರ ನಡುವಿನಲ್ಲಿ ತಿಳಿಯುವುದಿಲ್ಲ, ಮೂಲೆಯಲ್ಲಿ ತಿಳಿಯುತ್ತದೆ. ಕೆಲಸ ಮುಗಿಸಿದೆವೆಂದು ಬಲೆ ಕಟ್ಟುವವರು ಹೇಳಿದ ಮೇಲೆ, ಎ.ಸಿ.ಯ ತಾಮ್ರದ ಪೈಪ್ ಗೋಡೆಯಿಂದ ಹೊರಬರುವ ಜಾಗಕ್ಕೆ ಹೋಗಿ ಬೆರಳಿಟ್ಟು ನೋಡಿ. ಬಲೆಯನ್ನು ಪೈಪಿನ ಸುತ್ತ ಕತ್ತರಿಸಿ ಹಾಗೇ ಬಿಟ್ಟಿರುತ್ತಾರೆ. ಮುಷ್ಟಿ ಹಿಡಿಯುವಷ್ಟು ಕಿಂಡಿ. ಪಾರಿವಾಳ ಒಳಗೆ ಹೋಗುವ ದಾರಿ ಕಂಡುಕೊಳ್ಳುತ್ತದೆ, ಹೊರಗೆ ಬರುವುದನ್ನಲ್ಲ. ಬಲೆಗೂ ಗೋಡೆಗೂ ನಡುವೆ ರೆಕ್ಕೆ ಬಡಿದು ಬಡಿದು ಅಲ್ಲೇ ಸಾಯುತ್ತದೆ, ನಾರುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ಕೊಕ್ಕೆಗಳ ಅಂತರ ನೋಡಿ. ಕೊಕ್ಕೆಗಳು ದೂರದೂರ ಇದ್ದರೆ ಬಲೆ ಜೋತುಬೀಳುತ್ತದೆ, ಜೋತ ಬಲೆಗೆ ಬಾವಲಿ, ಗೂಬೆ, ಹದ್ದಿನ ಕಾಲು ಸಿಕ್ಕಿಕೊಳ್ಳುತ್ತದೆ. ಸುತ್ತಲೂ ಗಟ್ಟಿ ಸ್ಟೀಲ್ ತಂತಿ ಎಳೆದು, ಅದಕ್ಕೆ ಬಲೆಯನ್ನು ಬಿಗಿದು ಕಟ್ಟಿದ್ದರೆ ಬೆರಳಿನಿಂದ ಮೀಟಿದಾಗ ತಂಬೂರಿಯಂತೆ ಬಿಗಿಯಾಗಿರುತ್ತದೆ. ಡಕ್ಟ್‌ನಲ್ಲಿ ಪ್ಲಂಬರ್ ಇಳಿಯಲು ಜಿಪ್ ಇರುವ ಬಾಗಿಲು ಬಿಡಿಸಿ. ಇಲ್ಲದಿದ್ದರೆ ಮೊದಲ ಸೋರಿಕೆಗೇ ಅವನು ಚಾಕು ಹಾಕುತ್ತಾನೆ, ಬಲೆಯ ಕಥೆ ಅಲ್ಲಿಗೆ ಮುಗಿಯಿತು.

ಬೆಂಗಳೂರಿನಲ್ಲಿ ಈಗ ಇನ್‌ವಿಸಿಬಲ್ ಗ್ರಿಲ್ ಎಂದು ಮಾರುತ್ತಿರುವುದು ನೈಲಾನ್ ಹೊದಿಸಿದ ಸ್ಟೀಲ್ ತಂತಿಗಳ ಸಾಲು. ಬಲೆಗಿಂತ ಬಹಳ ದುಬಾರಿ, ನೋಟಕ್ಕೆ ಚೆಂದ, ಮಕ್ಕಳಿಗೂ ರಕ್ಷಣೆ. ತಂತಿಗಳ ನಡುವೆ ಎರಡು ಇಂಚು ಮೀರದಿದ್ದರೆ ಪಾರಿವಾಳಕ್ಕೂ ಆಗುತ್ತದೆ. ಬಾಡಿಗೆ ಮನೆಯವರು ಇದರ ತಂಟೆಗೆ ಹೋಗಬೇಕಾಗಿಲ್ಲ.

ಇಳಿಜಾರು

ಕಟ್ಟಡ ಇನ್ನೂ ಕಟ್ಟುತ್ತಿದ್ದರೆ ಮೇಲಿನದೆಲ್ಲ ಬಿಟ್ಟು ಇದನ್ನು ಮಾಡಿ. ಅಂಚಿಗೆ ಕನಿಷ್ಠ 45 ಡಿಗ್ರಿ, ಸಾಧ್ಯವಾದರೆ 60 ಡಿಗ್ರಿ ಇಳಿಜಾರು ಕೊಟ್ಟರೆ ಪಾರಿವಾಳಕ್ಕೆ ನಿಲ್ಲಲು ಆಗದು, ಕಡ್ಡಿಯೂ ನಿಲ್ಲದು. ಮೇಸ್ತ್ರಿಗೆ ಹೇಳಬೇಕಾದ ಮುಖ್ಯ ಮಾತು ನುಣುಪಿನದು: ಒರಟು ಗಾರೆಯಾದರೆ 45 ಡಿಗ್ರಿಯಲ್ಲೂ ಉಗುರು ಹಿಡಿಯುತ್ತದೆ. ನುಣ್ಣಗೆ ಸಾರಿಸಿ ಬಣ್ಣ ಹೊಡೆಸಬೇಕು ಅಥವಾ ಗ್ರಾನೈಟ್ ಪಟ್ಟಿಯನ್ನು ಓರೆಯಾಗಿ ಕೂರಿಸಬೇಕು. ಹಳೆಯ ಕಟ್ಟಡಕ್ಕೂ ಅಲ್ಯೂಮಿನಿಯಂ ತಗಡನ್ನು ಮಡಚಿ ಕೂರಿಸಬಹುದು, ಆದರೆ ಎರಡೂ ತುದಿ ಮುಚ್ಚದಿದ್ದರೆ ತಗಡಿನ ಕೆಳಗಿನ ಪೊಳ್ಳಿನಲ್ಲೇ ಸಂಸಾರ ಹೂಡುತ್ತವೆ. ಹಿಂಸೆಯಿಲ್ಲ, ನಿರ್ವಹಣೆ ಇಲ್ಲವೆಂಬಷ್ಟು ಕಡಿಮೆ, ಮಳೆನೀರೂ ನಿಲ್ಲುವುದಿಲ್ಲ. ವಾಸ್ತುಶಿಲ್ಪಿಗಳು ಎ.ಸಿ. ಪೆಟ್ಟಿಗೆಗೆಂದು ಅಗಲವಾದ ಚಪ್ಪಟೆ ಸಜ್ಜ ಬರೆಯುವಾಗ ಪಾರಿವಾಳಗಳಿಗೆ ನಿವೇಶನ ಹಂಚುತ್ತಿದ್ದೇವೆ ಎಂದು ಯಾಕೆ ಹೊಳೆಯುವುದಿಲ್ಲವೋ ನನಗೆ ಅರ್ಥವಾಗಿಲ್ಲ.

ದುಡ್ಡು ದಂಡ ಮಾಡುವವು

ಸ್ಪ್ರಿಂಗ್‌ಗೆ ಬಿಗಿದ ಸಣ್ಣ ತಂತಿಯ ಸಾಲು ಪಾರಂಪರಿಕ ಕಟ್ಟಡಗಳಿಗೆ ಪರವಾಗಿಲ್ಲ, ದೂರದಿಂದ ಕಾಣುವುದಿಲ್ಲ. ಹಕ್ಕಿ ಕಡಿಮೆಯಿದ್ದಲ್ಲಿ ಮಾತ್ರ. ಅಂಟು ಜೆಲ್ ಬೇಡವೇ ಬೇಡ: ನಮ್ಮ ಧೂಳಿಗೆ ಕೆಲವೇ ದಿನಗಳಲ್ಲಿ ಮಣ್ಣು ಮೆತ್ತಿಕೊಂಡು ಅಂಟು ಹೋಗುತ್ತದೆ, ಅದಕ್ಕೂ ಮೊದಲು ಸಣ್ಣ ಹಕ್ಕಿಗಳ ರೆಕ್ಕೆ ಮೆತ್ತಿಕೊಂಡು ಅವು ಸಾಯುತ್ತವೆ, ಕಲ್ಲಿನ ಮೇಲೆ ಕಲೆ ಉಳಿಯುತ್ತದೆ. ಪ್ಲಾಸ್ಟಿಕ್ ಗೂಬೆಯ ತಲೆಯ ಮೇಲೆ ಪಾರಿವಾಳ ಕೂತ ಚಿತ್ರ ನೀವೂ ನೋಡಿರುತ್ತೀರಿ. ತೂಗುಹಾಕಿದ ಹಳೆ ಸಿ.ಡಿ.ಗಳಿಗೂ ಬೇಗ ಒಗ್ಗಿಹೋಗುತ್ತವೆ.

‘ಅಲ್ಟ್ರಾಸಾನಿಕ್’ ಪೆಟ್ಟಿಗೆಯ ಬಗ್ಗೆ ಒಂದು ಮಾತು. ಮನುಷ್ಯರ ಕಿವಿಗೆ ಕೇಳದಷ್ಟು ಎತ್ತರದ ಸ್ವರದಿಂದ ಹಕ್ಕಿ ಓಡುತ್ತದೆ ಎಂಬುದು ಅದರ ವಾದ. ಪಾರಿವಾಳದ ಕಿವಿ ಎತ್ತರದ ಸ್ವರಗಳಲ್ಲಿ ನಮ್ಮದಕ್ಕಿಂತ ಮಂದ. ಅದಕ್ಕೆ ಕೇಳುವುದೇ ಇಲ್ಲ. ತಮಾಷೆಯೆಂದರೆ ಇಂಥ ತೀಕ್ಷ್ಣ ಸ್ವರ ಕೆಲಸ ಮಾಡಿದ್ದು ಮಕ್ಕಳ ಮೇಲೆ: ವೇಲ್ಸ್‌ನ ಹೋವರ್ಡ್ ಸ್ಟೇಪಲ್ಟನ್ 2005ರಲ್ಲಿ ತಂದ ‘ಮಸ್ಕಿಟೊ’ ಎಂಬ ಯಂತ್ರ ಸುಮಾರು 17 ಕಿಲೋಹರ್ಟ್ಸ್ ಸ್ವರ ಹೊರಡಿಸುತ್ತದೆ. ವಯಸ್ಸಾದವರಿಗೆ ಕೇಳದು, ಹದಿಹರೆಯದವರಿಗೆ ಕಿರಿಕಿರಿ. ಅಂಗಡಿ ಮುಂದೆ ಹುಡುಗರು ಗುಂಪುಗೂಡದಿರಲೆಂದು ಅದನ್ನು ಹಾಕಿದರು. ತಾಯಿಯ ಮಡಿಲ ಕೂಸಿಗೂ ಅದು ಕೇಳುತ್ತದೆ ಎಂಬುದನ್ನು ಮಾತ್ರ ಅಂಗಡಿಯವರು ಎಣಿಸಿರಲಿಲ್ಲ.

ಇನ್ನು ಕಟ್ಟೆಯ ಮೇಲೆ ಕೂರುವವರು

ಮಸ್ಕಿಟೊ ಯಂತ್ರದ ಉದಾಹರಣೆಯಲ್ಲೇ ತೊಂದರೆಯ ಬೇರು ಇದೆ. ಮನುಷ್ಯರನ್ನು ತಡೆಯುವ ಸಾಧನ ಯಾರನ್ನು ತಡೆಯಬೇಕೋ ಅವರನ್ನಷ್ಟೇ ಆರಿಸಿ ತಡೆಯುವುದಿಲ್ಲ. ರಾತ್ರಿ ಕುಡಿದು ಕೂರುವವನಿಗೆಂದು ನೆಟ್ಟ ಗೂಟ ಬೆಳಗ್ಗೆ ಔಷಧಿ ಚೀಟಿ ಹಿಡಿದು ಸುಸ್ತಾಗಿ ನಿಂತ ಮುದುಕಿಗೂ ಚುಚ್ಚುತ್ತದೆ. ಕುಡುಕ ನಾಲ್ಕು ಹೆಜ್ಜೆ ಆಚೆ ಹೋಗುತ್ತಾನೆ. ಮುದುಕಿಗೆ ನಾಲ್ಕು ಹೆಜ್ಜೆಯೇ ಕಷ್ಟ.

ಗೂಟದ ಚರಿತ್ರೆಯೂ ಚೆನ್ನಾಗಿಲ್ಲ. 2014ರಲ್ಲಿ ಲಂಡನ್ನಿನ ಸದರ್ಕ್‌ನಲ್ಲಿ ಐಷಾರಾಮಿ ಫ್ಲ್ಯಾಟುಗಳ ಬಾಗಿಲ ಬಳಿ ನೆಟ್ಟ ಲೋಹದ ಗುಬುಟುಗಳ ಚಿತ್ರ ಹರಡಿ, ಆಗಿನ ಮೇಯರ್ ಬೋರಿಸ್ ಜಾನ್ಸನ್ ಅವರೇ ಇದು ಮೂರ್ಖತನ ಎಂದರು. ಕೆಲವೇ ದಿನಗಳಲ್ಲಿ ಕಿತ್ತರು. ಅದೇ ಹೊತ್ತಿಗೆ ರೀಜೆಂಟ್ ಬೀದಿಯ ಸೂಪರ್‌ಮಾರ್ಕೆಟ್ ಒಂದರ ಮುಂದಿನ ಗೂಟಗಳ ಮೇಲೆ ಪ್ರತಿಭಟನಕಾರರು ಕಾಂಕ್ರೀಟ್ ಸುರಿದು ಹೋದರು. ಸ್ಯಾನ್ ಫ್ರಾನ್ಸಿಸ್ಕೊದ ಕೆಥೆಡ್ರಲ್ ಒಂದು ಬಾಗಿಲಲ್ಲಿ ಮಲಗುವವರ ಮೇಲೆ ನೀರು ಸುರಿಯುವ ವ್ಯವಸ್ಥೆ ಮಾಡಿ, 2015ರಲ್ಲಿ ಬಯಲಾದಾಗ ಕ್ಷಮೆ ಕೇಳಿ ತೆಗೆಯಿತು. ಮುಂಬಯಿಯ ಫೋರ್ಟ್‌ನಲ್ಲಿ ಬ್ಯಾಂಕ್ ಶಾಖೆಯೊಂದು 2018ರಲ್ಲಿ ಮುಂಗಟ್ಟೆಗೆ ಸಾಲುಸಾಲು ಚೂಪು ಗೂಟ ನೆಟ್ಟು, ಜನ ಛೀಮಾರಿ ಹಾಕಿದ ಮೇಲೆ ತೆಗೆಸಿತು. ಎಡವಿ ಬಿದ್ದ ಮಗುವಿನ ಹಣೆಗೆ ಇವು ಏನು ಮಾಡುತ್ತವೆ ಎಂದು ನೆಡುವ ಮೊದಲು ಯಾರೂ ಕೇಳಿಕೊಂಡಿಲ್ಲ. ಎಂಟು ಅಡಿಗಿಂತ ಕೆಳಗೆ ಚೂಪಾದ ಯಾವುದನ್ನೂ ಕೂರಿಸಬಾರದು. ಸಂಘದ ನಿಯಮದಲ್ಲಿ ಇದನ್ನು ಬರೆದಿಟ್ಟುಕೊಳ್ಳಿ. ಕಾಂಪೌಂಡ್ ಗೋಡೆಯ ತಲೆಗೆ ಗಾಜಿನ ಚೂರು ನೆಡುವ ನಮ್ಮ ಹಳೇ ಚಾಳಿಗೂ ಇದು ಅನ್ವಯ.

ಇಳಿಜಾರಿನ ಕಟ್ಟೆ ಇದಕ್ಕಿಂತ ಸಭ್ಯವಾಗಿ ಕಾಣುತ್ತದೆ. 2012ರಲ್ಲಿ ಲಂಡನ್ನಿನ ಕ್ಯಾಮ್ಡೆನ್ ಪಾಲಿಕೆಗೆ ಮಾಡಿಕೊಟ್ಟ ಕಾಂಕ್ರೀಟ್ ಬೆಂಚು ಇದರ ಪ್ರಸಿದ್ಧ ಮಾದರಿ: ಓರೆಕೋರೆ ಮುಖಗಳು, ಮಲಗಲಾಗದು, ಸಂದಿಯಿಲ್ಲದ್ದರಿಂದ ಏನನ್ನೂ ಬಚ್ಚಿಡಲಾಗದು. ಎಲ್ಲರನ್ನೂ ಸ್ವಲ್ಪ ಹೊತ್ತು ಮಾತ್ರ ಸಹಿಸಿಕೊಳ್ಳುವ ಬೆಂಚು. ಹಕ್ಕಿಗೆ ಹೊಗಳಿದ ಇಳಿಜಾರನ್ನೇ ಇಲ್ಲಿ ತೆಗಳುತ್ತಿದ್ದೇನೆ ಎನ್ನಬೇಡಿ. ಪಾರಿವಾಳಕ್ಕೆ ಊರ ತುಂಬ ಸಜ್ಜಗಳಿವೆ, ಮಂಡಿ ನೋವಿನವರಿಗೆ ಊರ ತುಂಬ ಬೆಂಚುಗಳಿಲ್ಲ.

ಬೆಂಚಿನ ನಡುವಿನ ಕೈಯಾಸರೆಯ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಮಲಗದಂತೆ ತಡೆಯಲು ಹಾಕಿದ್ದು ಎಂದು ಅದನ್ನು ಸಾರಾಸಗಟಾಗಿ ಬೈಯುವವರಿದ್ದಾರೆ. ಆದರೆ ಎದ್ದು ನಿಲ್ಲಲು ವಯಸ್ಸಾದವರಿಗೆ ಕೈಯೂರುವ ಆಸರೆ ಬೇಕು. ಎರಡು ತುದಿಗಳಲ್ಲಿ ಒಂದೊಂದು, ಉದ್ದ ಬೆಂಚಾದರೆ ಒಂದು ಕಡೆಗೆ ಸರಿಸಿ ಇನ್ನೊಂದು ಇದ್ದರೆ ಆಸರೆಯೂ ಸಿಕ್ಕಿತು, ಮಗುವನ್ನು ಮಲಗಿಸಲು ಜಾಗವೂ ಉಳಿಯಿತು. ಕೂರುವ ಮಟ್ಟದ ಎತ್ತರ ನೆಲದಿಂದ ಒಂದೂವರೆ ಅಡಿ ಇರಲಿ.

ಹಾಗಾದರೆ ಗೇಟಿನ ಬಳಿ ಕೂರುವ ಡೆಲಿವರಿ ಹುಡುಗರಿಗೆ ಏನು ಮಾಡುವುದು? ದೂರು ನಿಜವಾಗಿ ಯಾವುದರ ಮೇಲೆ ಎಂದು ಕೇಳಿ ನೋಡಿ. ಗಾಡಿ ಅಡ್ಡ ನಿಲ್ಲುತ್ತದೆ ಎಂದಾದರೆ ಹತ್ತು ಹೆಜ್ಜೆ ಆಚೆ ನಿಲುಗಡೆಗೆ ಗೆರೆ ಎಳೆಸಿ, ಅಲ್ಲೇ ಒಂದು ಕಲ್ಲುಬೆಂಚು ಹಾಕಿಸಿ. ಕಸವೆಂದಾದರೆ ತೊಟ್ಟಿ. ರಾತ್ರಿ ಗಲಾಟೆ ಎಂದಾದರೆ ಒಳ್ಳೆಯ ದೀಪ ಮತ್ತು ಎಚ್ಚರವಾಗಿರುವ ಕಾವಲುಗಾರ. ಹೊತ್ತಿನ ತೊಂದರೆಗೆ ಹೊತ್ತಿನ ಪರಿಹಾರ. ಹೂಕುಂಡಗಳನ್ನು ಸಾಲಾಗಿ ಇಡುವುದು ಮುಳ್ಳಿಗಿಂತ ನೋಟಕ್ಕೆ ಒಳ್ಳೆಯದು, ಆದರೆ ಕುಂಡಕ್ಕೆ ನೀರು ಹಾಕುವವರಿಲ್ಲದೆ ಎರಡು ತಿಂಗಳಲ್ಲಿ ಗುಟ್ಕಾ ಪೊಟ್ಟಣದ ಬುಟ್ಟಿಯಾಗುತ್ತದೆ. ಫುಟ್‌ಪಾತ್ ಮೇಲೆ ಮಾತ್ರ ಏನನ್ನೂ ಕೂರಿಸಬೇಡಿ, ಅದು ನಿಮ್ಮದಲ್ಲ.

ಮೂತ್ರ ಮಾಡುವವರ ಕಾಟಕ್ಕೆ ದೇವರ ಚಿತ್ರದ ಟೈಲ್ಸ್ ಅಂಟಿಸುವುದು ನಮ್ಮದೇ ಕಂಡುಹಿಡಿತ. ಸ್ವಲ್ಪ ಮಟ್ಟಿಗೆ ಕೆಲಸವೂ ಮಾಡುತ್ತದೆ, ಗಣಪತಿಯಿಂದ ಎರಡು ಅಡಿ ಪಕ್ಕಕ್ಕೆ ಸರಿಯುವವರೆಗೆ. ಬೆಂಗಳೂರಿನಲ್ಲಿ ಪಾಲಿಕೆ 2020ರಲ್ಲಿ ಚರ್ಚ್ ಸ್ಟ್ರೀಟ್, ಕೆ.ಆರ್. ಮಾರುಕಟ್ಟೆ ಮೊದಲಾದ ಕಡೆ ಗೋಡೆಗೆ ಆಳೆತ್ತರದ ಕನ್ನಡಿ ಹಾಕಿತು. ತನ್ನನ್ನು ತಾನೇ ನೋಡಿಕೊಂಡು ನಾಚಲಿ ಎಂದು. ದೇವರಿಗಿಂತ ಕನ್ನಡಿ ವಾಸಿ, ಯಾರಿಗೂ ಚುಚ್ಚುವುದಿಲ್ಲ. ಶೌಚಾಲಯ ಎರಡಕ್ಕಿಂತ ವಾಸಿ.

ಎರಡೂ ಸೇರುವ ಜಾಗ: ಬಸ್ ನಿಲ್ದಾಣ

ಮೇಲೆ ತೊಲೆಗಳಲ್ಲಿ ಪಾರಿವಾಳ, ಕೆಳಗೆ ಹಿಕ್ಕೆ ಬಿದ್ದ ಬೆಂಚು, ಅದರ ಪಕ್ಕ ನಿಂತೇ ಕಾಯುವ ಜನ. ನಮ್ಮ ತಾಲ್ಲೂಕು ನಿಲ್ದಾಣಗಳಲ್ಲಿ ಇದು ಎಲ್ಲೆಲ್ಲೂ ಕಾಣುವ ನೋಟ. ಆಡಳಿತಕ್ಕೆ ಸುಲಭವಾಗಿ ಹೊಳೆಯುವ ಪರಿಹಾರ ಬೆಂಚು ತೆಗೆಯುವುದು. ನ್ಯೂಯಾರ್ಕಿನ ಸಬ್‌ವೇ ನಿಲ್ದಾಣಗಳಲ್ಲಿ ಮನೆಯಿಲ್ಲದವರು ಮಲಗುತ್ತಾರೆಂದು ಬೆಂಚುಗಳನ್ನೇ ತೆಗೆದು, 2021ರಲ್ಲಿ ಅಧಿಕೃತ ಖಾತೆಯಿಂದಲೇ ಹಾಗೆಂದು ಟ್ವೀಟ್ ಮಾಡಿ, ಬೈಗುಳ ತಿಂದು ಅಳಿಸಿದರು. ಇಲ್ಲಿ ತೊಲೆಗೆ ಮುಳ್ಳು ಅಂಟಿಸಿದರೆ ಅದು ಗೂಡು ಕಟ್ಟುವ ಜಾಗವಾದ್ದರಿಂದ ಉಪಯೋಗವಿಲ್ಲ. ತೊಲೆಗಳ ಕೆಳಗೆ, ಪೂರ್ತಿ ಛಾವಣಿಗೆ ಸಮತಟ್ಟಾಗಿ 50 ಮಿಲಿಮೀಟರ್ ಬಲೆ ಬಿಗಿಯಬೇಕು, ಟ್ಯೂಬ್‌ಲೈಟ್‌ಗಳನ್ನು ಬಲೆಯ ಕೆಳಗೆ ಇಳಿಸಬೇಕು. ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಅದನ್ನೂ ಕತ್ತರಿಸುತ್ತಾನೆ. ಒಮ್ಮೆಗೆ ಅಷ್ಟು ಹಣವಿಲ್ಲವೆಂದರೆ ಬೆಂಚುಗಳನ್ನು ತೊಲೆಯ ನೇರದಿಂದ ಮೂರು ಅಡಿ ಈಚೆಗೆ ಸರಿಸಿದರೂ ಅರ್ಧ ಕೆಲಸ ಆಗುತ್ತದೆ. ಅದಕ್ಕೆ ಟೆಂಡರ್ ಬೇಕಾಗಿಲ್ಲ, ನಾಲ್ಕು ಜನ ಮತ್ತು ಒಂದು ಹಾರೆ ಸಾಕು.